ಗಾಜಿನ ಸುತ್ತಲ ಕರಿ ರಬ್ಬರು

ಆ ಬಸ್ಸಿನ ಮುಂದಿನ ಗಾಜು ಎರಡು ಹೋಳಾಗಿತ್ತು. ನಡುವೆ ಒಂದು ಕಬ್ಬಿಣದ ಪಟ್ಟಿ, ಎಡಕ್ಕೊಂದು ಗಾಜು, ಬಲಕ್ಕೆ ಡ್ರೈವರ್ ಎದುರಿಗೆ ಇನ್ನೊಂದು. ಎರಡನ್ನೂ ಚೌಕಟ್ಟಿನಲ್ಲಿ ಹಿಡಿದಿಟ್ಟಿದ್ದು ಸುತ್ತಲೂ ಕೂರಿಸಿದ್ದ ಕರಿ ರಬ್ಬರು ಮಾತ್ರ. ಮೊಳೆಯಿಲ್ಲ, ಸ್ಕ್ರೂ ಇಲ್ಲ. ಕೊಳ್ಳೇಗಾಲದಿಂದ ಹನೂರಿನ ಮೇಲೆ ರಾಮಾಪುರಕ್ಕೆ ಹೋಗಿಬರುತ್ತಿದ್ದ ಆ ಖಾಸಗಿ ಬಸ್ಸಿಗೆ ಎಪ್ಪತ್ತರ ದಶಕದ ಮೊದಲಲ್ಲಿ ನಾನು ಕಂಡಕ್ಟರ್. ಟಿಕೆಟ್ ಹರಿಯುವುದರ ಜೊತೆಗೆ ಬಸ್ಸಿನ ಮೈ ಒರೆಸುವುದೂ ನನ್ನ ಪಾಲಿಗೆ ಬಂದಿತ್ತು.

ನಮ್ಮ ಕಡೆಯ ಬಿಸಿಲಿಗೆ ರಬ್ಬರು ಬೇಗ ಬೂದುಗಟ್ಟುತ್ತದೆ, ಹಿಮ್ಮಡಿಯಂತೆ ಒಡೆಯುತ್ತದೆ. ಅದನ್ನು ನೋಡಿಕೊಳ್ಳುವ ಕ್ರಮವನ್ನು ಡ್ರೈವರೇ ನನಗೆ ಕಲಿಸಿದ್ದ. ನನಗಿಂತ ಹದಿನೈದು ವರ್ಷ ದೊಡ್ಡವನು, ಅಣ್ಣ ಎನ್ನುತ್ತಿದ್ದೆ. ಅಂಟುವಾಳದ ನೊರೆಯಲ್ಲಿ ತೊಳೆಯಬೇಕು. ಸಂದಿಯ ಮಣ್ಣನ್ನು ಬಿದಿರುಕಡ್ಡಿಯಿಂದ ತೆಗೆಯಬೇಕು. ನೆರಳಲ್ಲಿ ಆರಿದ ಮೇಲೆ ಬಟ್ಟೆಗೆ ನಾಲ್ಕು ತೊಟ್ಟು ಹರಳೆಣ್ಣೆ ಹಾಕಿ ತಿಕ್ಕಿ, ಒಣಬಟ್ಟೆಯಲ್ಲಿ ಪೂರ್ತಿ ಒರೆಸಿಬಿಡಬೇಕು. "ಸೀಮೆಣ್ಣೆ, ಡೀಸೆಲ್ಲು ಅತ್ರಕ್ಕೂ ತರ್ಬೇಡ ಕಣ್ಲಾ, ರಬ್ಬರ್ ತಿಂದಾಕ್ಬುಡ್ತದೆ," ಎಂದು ಹೇಳಿಯೂ ಇದ್ದ. ಇಷ್ಟು ಮಾಡುವುದಕ್ಕೆ ಅರ್ಧ ಬೆಳಗು ಹೋಗುತ್ತಿತ್ತು. ಹೊಳಪು ಮಾತ್ರ ಅಷ್ಟಕ್ಕಷ್ಟೆ.

ಬಸ್ಸು ಓಡಿಸಲು ಯೋಗ್ಯವೇ ಎಂದು ಪರೀಕ್ಷಿಸಲು ಬ್ರೇಕ್ ಇನ್ಸ್‌ಪೆಕ್ಟರ್ ಬರುವ ದಿನ ನನಗೆ ಹೊತ್ತಾಗಿತ್ತು. ಡ್ರೈವರ್ ಬಸ್ಸಿನ ಮಾಲೀಕರಾದ ಸಾಹುಕಾರರ ಮನೆಗೆ ಹೋಗಿದ್ದ. ಲಾಟೀನಿನ ಬುರುಡೆಯ ಮಸಿಯನ್ನು ಡೀಸೆಲ್ಲಿಗೆ ಕಲಸಿ ಗಾಜಿನ ಸುತ್ತಲೂ, ಬಂಪರಿನ ಪಟ್ಟಿಗೂ, ಚಕ್ರದ ಹಿಂದೆ ನೇತಾಡುವ ರಬ್ಬರಿಗೂ ಬಳಿದೆ. ಕಾಲು ಗಂಟೆಯಲ್ಲಿ ಮುಗಿಯಿತು. ಡ್ರೈವರ್ ಬಂದು ನೋಡಿ ನಕ್ಕ.

"ಇವತ್ತು ಉಟ್ಟಿದ ಎಮ್ಮೆ ಕರ ಇದ್ದಂಗದಲ್ಲೋ. ಅರಳೆಣ್ಣೇನಾ?"

"ಊಂ ಕಣಣ್ಣ," ಎಂದೆ.

ಆಮೇಲೆ ಪ್ರತಿ ಸೋಮವಾರ ಅದನ್ನೇ ಬಳಿದೆ. ಪ್ರತಿ ಸೋಮವಾರ ಅವನು ಕೇಳಿದ, ನಾನು ಊಂ ಎಂದೆ. ಹೀಗೆ ಮೂರು ತಿಂಗಳು.

ಒಂದು ದಿನ ಬೆಳಿಗ್ಗೆ ಕೊಳ್ಳೇಗಾಲದ ನಿಲ್ದಾಣದಲ್ಲಿ ಗಾಜು ಒರೆಸುತ್ತಿದ್ದೆ. ಬಲಗಡೆಯ ಗಾಜಿನಲ್ಲಿ, ನಡುವಿನ ಪಟ್ಟಿಯ ಬದಿಯ ಕೆಳಮೂಲೆಯಲ್ಲಿ ಬಟ್ಟೆ ರಬ್ಬರಿನ ಒಳಕ್ಕೆ ಹೋಯಿತು. ಬೆರಳಿಟ್ಟು ನೋಡಿದೆ. ರಬ್ಬರು ನೆನೆದ ಹುರುಳಿಕಾಳಿನಂತೆ ಊದಿ ಮೆತ್ತಗಾಗಿತ್ತು, ಅದರ ಅಂಚು ಒಂದು ಗೇಣಿನಷ್ಟು ಎದ್ದು ಬಂದಿತ್ತು. ಗಾಜನ್ನು ಒತ್ತಿದರೆ ಉಗುರಿನಗಲ ಅಲುಗುತ್ತಿತ್ತು. ಅಂಥ ಗಾಜು ಒಡೆದದ್ದನ್ನು ಗ್ಯಾರೇಜಿನಲ್ಲಿ ಕಂಡಿದ್ದೆ. ಪುಡಿಯಾಗುವುದಿಲ್ಲ, ಮಚ್ಚಿನಂತೆ ಉದ್ದುದ್ದ ಸೀಳುತ್ತದೆ. ಇದು ಬಿದ್ದರೆ ಡ್ರೈವರಿನ ಮುಖದ ಮೇಲೇ ಬೀಳುತ್ತಿತ್ತು.

ಬಸ್ಸು ತುಂಬಿತ್ತು. ರೇಷ್ಮೆಗೂಡು ಮಾರಿ ಖಾಲಿ ಚೀಲ ಮಡಚಿಕೊಂಡವರು, ಆಸ್ಪತ್ರೆಯಿಂದ ಹೊರಟವರು. ಡ್ರೈವರ್ ಬೀಡಿ ಆರಿಸಿ ಸೀಟಿಗೆ ಹತ್ತಿದ. ಹೇಳಿದರೆ, ಏನು ಬಳಿದೆ ಎಂದು ಕೇಳುತ್ತಾನೆ. ಸಂಜೆ ಹೇಳಿದರಾಯಿತು ಎಂದುಕೊಂಡೆ. ರೈಟ್ ಎಂದು ಕೂಗಿದೆ, ಬಸ್ಸು ಹೊರಟಿತು.

ಡ್ರೈವರಿನ ಪಕ್ಕದ ಎಂಜಿನ್ ಪೆಟ್ಟಿಗೆಯ ಮೇಲೆ ಕುಳಿತು, ಕೈ ಚಾಚಿ ಗಾಜಿನ ಮೂಲೆಗೆ ಅಂಗೈ ಒತ್ತಿ ಹಿಡಿದೆ. ಪೆಟ್ಟಿಗೆ ಸುಡುತ್ತಿತ್ತು. ಕಾಮಗೆರೆ ದಾಟಿದ ಮೇಲೆ ಡ್ರೈವರ್ ನನ್ನ ಕಡೆ ನೋಡಿದ.

"ಕುಂಡಿ ಬೇಯಲ್ವೇನ್ಲಾ ನಿಂಗೆ?"

"ಗಾಜು ಗಡಗಡ ಅಂತದೆ ಕಣಣ್ಣ. ಅದ್ಕೇ ಇಡ್ಕಂಡಿವ್ನಿ."

"ಯಾವತ್ತೂ ಅನ್ನದೇಯ. ಓಗಿ ಟಿಕೀಟ್ ಅರಿ."

ಹಿಂದಕ್ಕೆ ಹೋಗಿ ನಾಲ್ಕು ಟಿಕೆಟ್ ಹರಿದು ಮತ್ತೆ ಓಡಿಬಂದೆ. ಮುಂದಿನ ಸೀಟಿನಲ್ಲಿ ಗೂಡಿನ ಖಾಲಿ ಚೀಲ ಮಡಿಲಲ್ಲಿಟ್ಟುಕೊಂಡಿದ್ದ ಮುದುಕಿ ನನ್ನನ್ನೇ ನೋಡುತ್ತಿದ್ದಳು.

"ಏನಪ್ಪ, ಗಾಜು ನಿಮ್ಮತ್ತೆ ಮನೇರು ಕೊಟ್ಟಿದ್ದಾ? ಅಂಗ್ ಅಪ್ಕಂಡಿದ್ದೀಯೆ?"

ನಾಲ್ಕು ಜನ ನಕ್ಕರು. ನಾನೂ ನಕ್ಕೆ. ಹನೂರಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಚಹಾ ಕುಡಿಯುತ್ತಾ ಡ್ರೈವರ್ ನನ್ನ ಎದುರಿಗೇ ನಿಂತಿದ್ದ. ನನ್ನ ಲೋಟ ಹಾಗೇ ಇಟ್ಟು ಬಸ್ಸನ್ನು ಎರಡು ಸಲ ಸುತ್ತಿದೆ. ಒಳಗಿನಿಂದ ಒತ್ತಿದರೆ ಹೊರಕ್ಕೆ, ಹೊರಗಿನಿಂದ ಒತ್ತಿದರೆ ಒಳಕ್ಕೆ, ಗಾಜು ಈಗ ಎರಡು ಉಗುರಿನಷ್ಟು ಅಲುಗುತ್ತಿತ್ತು.

ಅಜ್ಜೀಪುರ ದಾಟಿದ ಮೇಲೆ ರಸ್ತೆ ಒಂದು ಹಳ್ಳಕ್ಕೆ ಇಳಿದು ಏರುತ್ತದೆ. ಇಳಿದಾಗ ಏನೂ ಆಗಲಿಲ್ಲ. ಏರುವಾಗ ಚಕ್ರ ಕಲ್ಲಿಗೆ ಎಗರಿ, ಗಾಜು ನನ್ನ ಅಂಗೈ ಮೇಲೆ ಭಾರವಾಗಿ ಬಂತು. ಸಂದಿಯಲ್ಲಿ ಗಾಳಿ ಸಿಳ್ಳೆ ಹಾಕಿತು. ಎರಡೂ ಕೈ ಕೊಟ್ಟೆ. "ಅಣ್ಣ, ನಿಲ್ಸು," ಎಂದೆ. ಅವನು ತಿರುಗಿಯೂ ನೋಡದೆ, ಒಂದೇ ಸಲಕ್ಕೆ ಬ್ರೇಕ್ ಒತ್ತದೆ, ಗೇರ್ ಇಳಿಸುತ್ತಾ ಇಳಿಸುತ್ತಾ ಹುಣಸೆಮರದ ಕೆಳಗೆ ನಿಲ್ಲಿಸಿದ. ಹಾಗೆ ನಿಲ್ಲಿಸಿದ್ದರಿಂದಲೇ ಗಾಜು ಉಳಿಯಿತು.

ಇಳಿದು ಮುಂದೆ ಬಂದು ರಬ್ಬರನ್ನು ಬೆರಳಿನಿಂದ ಉಜ್ಜಿದ. ಬೆರಳು ಕಪ್ಪಾಯಿತು. ಮೂಸಿ ನೋಡಿದ.

"ಡೀಸೆಲ್ಲು."

ನಾನು ಒಳಗಿನಿಂದ ಗಾಜು ಹಿಡಿದುಕೊಂಡೇ ಇದ್ದೆ. ಗಾಜಿನ ಆಚೆ ಅವನ ಮುಖ, ಈಚೆ ನನ್ನ ಮುಖ.

"ಎಷ್ಟು ದಿನದಿಂದ?"

"ಇನ್ಸ್‌ಪೆಕ್ಟ್ರು ಬಂದ್ರಲ್ಲ, ಆಗಿಂದ."

"ಸಡ್ಲ ಆಗಿರದು ಯಾವಾಗ್ ನೋಡ್ದೆ?"

ಹನೂರಿನಲ್ಲಿ ಎನ್ನಬಹುದಿತ್ತು. ಈಗ ತಾನೇ ಎಂದರೂ ನಡೆಯುತ್ತಿತ್ತು. "ಕೊಳ್ಳೇಗಾಲದಲ್ಲೇ," ಎಂದೆ.

ಅವನು ಬಸ್ಸಿನೊಳಗೆ ಕುಳಿತವರ ಕಡೆ ಒಮ್ಮೆ ಕಣ್ಣು ಹಾಯಿಸಿದ.

"ನೋಡ್ಬುಟ್ಟೂ ರೈಟ್ ಅಂದ್ಯಾ?"

ಅವನು ಹೊರಗಿನಿಂದ ರಬ್ಬರಿನ ಅಂಚು ಹಿಡಿದು ಎಳೆದ. ಬೇಯಿಸಿದ ಗೆಣಸಿನ ಸಿಪ್ಪೆಯಂತೆ ಸುಲಿದು ಬಂತು. ಇಬ್ಬರೂ ಸೇರಿ ಗಾಜನ್ನು ಇಳಿಸಿದೆವು. ಮುದುಕಿ ತನ್ನ ಚೀಲ ಕೊಟ್ಟಳು. ಸುತ್ತಿ, ಅವಳ ಪಕ್ಕದ ಸೀಟಿನಲ್ಲೇ ನಿಲ್ಲಿಸಿದೆವು.

"ಇದ್ಕೂ ಟಿಕೀಟ್ ಅರಿಯಪ್ಪ," ಎಂದಳು ಮುದುಕಿ. ಈ ಸಲ ಯಾರೂ ನಗಲಿಲ್ಲ. ಏನಾಗಬಹುದಿತ್ತೆಂದು ಅಷ್ಟು ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು.

ರಾಮಾಪುರದವರೆಗೂ, ಅಲ್ಲಿಂದ ವಾಪಸು ಕೊಳ್ಳೇಗಾಲದವರೆಗೂ ಗಾಜಿಲ್ಲದೆ ಓಡಿಸಿದ. ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡಿದ್ದ. ಧೂಳು, ಹೊಟ್ಟು, ಹುಳ ಎಲ್ಲ ಅವನ ಕಣ್ಣಿಗೇ. ಎರಡು ಸಲ ನಿಲ್ಲಿಸಿ ಒರೆಸಿಕೊಂಡ. ನಾನು ಓಡಿಹೋಗಿ ನೀರು ತಂದುಕೊಟ್ಟೆ. ತೊಳೆದುಕೊಂಡು ಚೊಂಬು ಹಿಂದಕ್ಕೆ ಕೊಟ್ಟು ಸೀಟಿಗೆ ಹತ್ತಿದ.

ಸಾಹುಕಾರರು ಕೇಳಿದಾಗ, "ರಬ್ಬರು ಅಳೇದಾಗಿತ್ತು ಸಾ, ಬುಟ್ಕತು," ಎಂದ. ನನ್ನ ಕೆಲಸ ಉಳಿಯಿತು. ಮೈಸೂರಿನಿಂದ ಹೊಸ ರಬ್ಬರು ಬಂದು, ಅದೇ ಗಾಜನ್ನು ಕೂರಿಸಿದರು.

ಅದಕ್ಕೂ ಮೊದಲೆಲ್ಲ, ರೈಟ್ ಎಂಬ ನನ್ನ ಕೂಗು ಕಿವಿಗೆ ಬಿದ್ದ ಕೂಡಲೇ ಅವನು ಕ್ಲಚ್ ಬಿಡುತ್ತಿದ್ದ. ಗಾಜು ಕೂರಿಸಿದ ಮೊದಲ ಬೆಳಿಗ್ಗೆ ನಾನು ರೈಟ್ ಎಂದೆ. ಬಸ್ಸು ಅಲುಗಲಿಲ್ಲ. ಅವನು ಕತ್ತು ತಿರುಗಿಸಿ, ಬಾಗಿಲವರೆಗೂ ನೋಡಿ, ನನ್ನನ್ನೂ ನೋಡಿ, ಆಮೇಲೆ ಗೇರ್ ಹಾಕಿದ. ಆ ಬಸ್ಸಿನಲ್ಲಿ ಇನ್ನೂ ನಾಲ್ಕು ವರ್ಷ ಜೊತೆಗಿದ್ದೆವು. ಊಟ ಹಂಚಿಕೊಂಡು ತಿಂದೆವು, ನನ್ನ ಮಗುವಿನ ನಾಮಕರಣಕ್ಕೂ ಬಂದ. ರೈಟ್ ಎಂದಾಗ ತಿರುಗಿ ನೋಡುವುದನ್ನು ಮಾತ್ರ ಒಂದು ದಿನವೂ ಬಿಡಲಿಲ್ಲ.