ಒಲೆಗೂ ಒಂದು ಸೋಮವಾರ

ಸಮುದ್ರ ಎಷ್ಟು ದೊಡ್ಡದು ಎಂದು ಯಾರಾದರೂ ಕೇಳಿದರೆ ನಾನು ಕೈಯಲ್ಲೇ ಅಳತೆ ತೋರಿಸಬಲ್ಲೆ. ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರ, ನಡುವೆ ಮೂರು ಕಬ್ಬಿಣದ ಸರಳು. ಎರಡು ವರ್ಷದ ಹಿಂದೆ ಬೇಸಿಗೆ ಸೂಟಿಯಲ್ಲಿ ಕೊಂಕಣದ ಕಡೆ ಹೋಗಿ ಹಿಡಿದ ಬಾಡಿಗೆ ಮನೆಯ ಅಡಿಗೆಕೋಣೆಯ ಕಿಟಕಿ ಅಷ್ಟೇ ಇತ್ತು. ಮನೆಮಂದಿಯೆಲ್ಲ ನೀರಿನಲ್ಲಿ ಆಡುತ್ತಿದ್ದರು. ನಾನು ಆ ಕಿಟಕಿಯಿಂದ ಅಲೆ ನೋಡುತ್ತ ಎಣ್ಣೆಗಾಯಿಗೆ ಬದನೆಕಾಯಿ ಸೀಳುತ್ತಿದ್ದೆ. ತಿರುಗಿ ಬಂದ ಮೇಲೆ ಓಣಿಯ ಹೆಂಗಸರು ಹವಾ ಬದಲಾವಣೆ ಚಲೋ ಆಯಿತೇ ಎಂದು ಕೇಳಿದರು. ಹವಾ ಬದಲಾಗಿತ್ತು, ಒಲೆಯೂ ಬದಲಾಗಿತ್ತು, ಕೈ ಮಾತ್ರ ಅದೇ ಇತ್ತು.

ನಮ್ಮದು ಬಬಲೇಶ್ವರ. ಮನೆಯವರಿಗೆ, ಅಂದರೆ ನನ್ನ ಗಂಡನಿಗೆ, ಒಂದು ಹಾರ್ಡ್‌ವೇರ್ ಅಂಗಡಿ, ಊರ ಹೊರಗೆ ಎಂಟು ಎಕರೆ ಹೊಲ, ಒಂದು ಜೋಡಿ ಎತ್ತು. ನಾನು ತಿಕೋಟಾದ ಒಂದು ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತೇನೆ, ಮಕ್ಕಳ ಬಾಯಲ್ಲಿ ಅಕ್ಕೋರು. ಮನೆಯಲ್ಲಿ ಅತ್ತೆ ಇದ್ದಾರೆ, ಒಂಬತ್ತನೇ ಇಯತ್ತೆ ಓದುವ ಮಗಳಿದ್ದಾಳೆ. ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದು, ಎರಡು ಪಲ್ಯ ಇಳಿಸಿ, ಡಬ್ಬಿ ಕಟ್ಟಿ, ತಿಕೋಟಾದ ಬಸ್ಸಿಗೆ ಓಡುವುದು ನನ್ನ ದಿನಚರಿ. ಸೋಮವಾರ ಹಾಗೆ ಓಡುವಾಗ ಕೊಟ್ಟಿಗೆಯಲ್ಲಿ ಎತ್ತುಗಳು ಆರಾಮಾಗಿ ಮಲಗಿ ಮೆಲಕು ಹಾಕುತ್ತಿರುತ್ತವೆ. ಸೋಮವಾರ ಬಸವಣ್ಣನ ವಾರ, ನಮ್ಮ ಕಡೆ ಅಂದು ಎತ್ತು ಹೂಡುವುದಿಲ್ಲ. ತೀರಿಕೊಂಡ ನಮ್ಮ ಮಾವನವರಂತೂ ಬಾಡಿಗೆಯ ಟ್ರ್ಯಾಕ್ಟರನ್ನೂ ಸೋಮವಾರ ಹೊಲಕ್ಕೆ ಇಳಿಸಗೊಡುತ್ತಿರಲಿಲ್ಲ. ಕಬ್ಬಿಣಕ್ಕೂ ವಾರಕ್ಕೊಂದು ದಿನ ಸೂಟಿ ಕೊಟ್ಟ ಮನೆ ನಮ್ಮದು.

ಏಪ್ರಿಲ್ ಬಂತೆಂದರೆ ಸರ್ಕಾರ ನನಗೆ ಸೂಟಿ ಕೊಡುತ್ತದೆ, ಮನೆ ಅದನ್ನು ಕಸಿದುಕೊಳ್ಳುತ್ತದೆ. ಹೇಗೂ ಸೂಟಿ ಇದೆಯಲ್ಲ ಎಂಬ ಒಂದೇ ಮಾತಿನ ಮೇಲೆ ಹಪ್ಪಳ, ಸಂಡಿಗೆ, ಶಾವಿಗೆ, ವರ್ಷದ ಖಾರದಪುಡಿ ಎಲ್ಲ ನನ್ನ ಕೊರಳಿಗೆ ಬೀಳುತ್ತವೆ. ಅದು ಮುಗಿಯುವ ಹೊತ್ತಿಗೆ ಟೂರಿನ ಮಾತು. ಟೂರೆಂದರೆ ಸಣ್ಣ ಸಿಲಿಂಡರು, ಕುಕ್ಕರು, ತವೆ, ಜೋಳದ ಹಿಟ್ಟಿನ ಚೀಲ, ಮತ್ತು ಅದನ್ನೆಲ್ಲ ಬಳಸಲು ನಾನು.

ಈ ವರ್ಷ ನಾನು ಹೇಳಿಬಿಟ್ಟೆ. ಟೂರಿಗೆ ಬರುತ್ತೇನೆ, ಆದರೆ ಒಲೆ ಬಂದರೆ ನಾನು ಬರುವುದಿಲ್ಲ. ಇಬ್ಬರಲ್ಲಿ ಒಬ್ಬರನ್ನು ಆರಿಸಿಕೊಳ್ಳಿ ಎಂದೆ.

ಮನೆಯವರು ಜಗಳಗಂಟರಲ್ಲ. ಅವರದು ಅಡ್ಡಗೋಡೆಯ ಮೇಲೆ ದೀಪ ಇಡುವ ಸ್ವಭಾವ. ಅರ್ಧ ಹೊರಗೆ ತಿನ್ನೋಣ, ಅರ್ಧ ಒಳಗೆ ಮಾಡೋಣ ಎಂದು ಸಮಾಧಾನದ ಲೆಕ್ಕ ಹೇಳಿದರು. ಮಧ್ಯಾಹ್ನದ ಊಟ ಹೋಟೆಲಿನಲ್ಲಿ, ಮುಂಜಾನೆ ಬರೇ ಅವಲಕ್ಕಿ, ಸಂಜೆ ಬರೇ ಅನ್ನ ಸಾರು, ನಡುನಡುವೆ ಬರೇ ಚಹಾ. ಈ ಬರೇ ಎಂಬ ಶಬ್ದವನ್ನು ನಾನು ಹದಿನೇಳು ವರ್ಷದಿಂದ ಕೇಳುತ್ತಿದ್ದೇನೆ. ಬರೇ ಅನ್ನ ಎಂದವರು ಯಾರೂ ಅಕ್ಕಿ ತೊಳೆದವರಲ್ಲ. ಅನ್ನದ ಹಿಂದೆ ಸಾರು, ಸಾರಿನ ಹಿಂದೆ ಒಗ್ಗರಣೆ, ಒಗ್ಗರಣೆಯ ಹಿಂದೆ ರಾಶಿ ಪಾತ್ರೆ ಬರುತ್ತದೆ. ಬರೇ ಎಂದವರು ಅಷ್ಟು ಹೊತ್ತಿಗೆ ಕೈ ತೊಳೆದುಕೊಂಡು ಹೊರಗೆ ಕೂತಿರುತ್ತಾರೆ.

ಅಡಿಗೆಕೋಣೆ ಇರುವ ಜಾಗವೇ ಬೇಡ, ವಿಜಯಪುರಕ್ಕೆ ಹೋಗಿ ನಾಲ್ಕು ದಿನ ಲಾಡ್ಜಿನಲ್ಲಿ ಇರೋಣ ಎಂದೆ. ಮನೆಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ತಾಸಿಗೊಂದು ಬಸ್ಸು ಇರುವ ಊರಿಗೆ ಯಾರಾದರೂ ಟೂರ್ ಹೋಗುತ್ತಾರೆಯೇ? ಸುದ್ದಿ ವಿಜಯಪುರದ ಪಕ್ಕದ ತೊರವಿಯಲ್ಲಿರುವ ನಾದಿನಿಗೆ ಮುಟ್ಟಿತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುತ್ತಾರಂತೆ ಎಂದು ಫೋನಿನಲ್ಲಿ ಕುಟುಕಿದಳು. ತನ್ನ ಮನೆ ಇರುವಾಗ ಲಾಡ್ಜಿಗೆ ಹೋದರೆ ಮಂದಿ ಏನಂದಾರು ಎಂಬುದು ಅವಳ ಚಿಂತೆ. ಅವಳ ಮನೆಗೆ ಹೋದರೆ ನನ್ನನ್ನು ಕೂರಿಸಿ ಉಣಿಸುತ್ತಾಳೆಯೇ? ಬಂದಿದ್ದೀಯಲ್ಲ, ಒಂದೆರಡು ರೊಟ್ಟಿ ಬಡಿ ಎನ್ನುತ್ತಾಳೆ. ಮಂದಿ ಏನಾದರೂ ಅಂದುಕೊಳ್ಳಲಿ ಎಂದು ಫೋನ್ ಇಟ್ಟೆ.

ಅತ್ತೆ ಬುತ್ತಿ ಇಲ್ಲದೆ ಹೊಸ್ತಿಲು ದಾಟುವುದಿಲ್ಲ ಎಂದರು. ಬುತ್ತಿ ಬೇಕೆಂದವರು ಕಟ್ಟಿಕೊಳ್ಳಬಹುದು ಎಂದೆ. ಎರಡು ದಿನ ಮುಖ ಊದಿಸಿಕೊಂಡರು, ಮೂರನೆಯ ದಿನ ತಾವೇ ಕೂತು ನಾಲ್ಕು ದಿನ ಕೆಡದ ಕಟಕ ರೊಟ್ಟಿ ಸುಟ್ಟು, ಮೊಮ್ಮಗಳ ಕೈಯಿಂದ ಶೇಂಗಾ ಚಟ್ನಿ ಕುಟ್ಟಿಸಿದರು. ನನಗೆ ಕೆಟ್ಟೆನಿಸಿತು. ಆದರೂ ನಾನು ಪಡಸಾಲೆಯಲ್ಲೇ ಕೂತೆ, ಏಳಲಿಲ್ಲ.

ಲಾಡ್ಜು ಗಾಂಧಿ ಚೌಕದಿಂದ ನಾಲ್ಕು ಹೆಜ್ಜೆ. ಕೋಣೆಯಲ್ಲಿ ಎರಡು ಮಂಚ, ಒಂದು ಫ್ಯಾನು, ಕೆಳಗೆ ದಿನವಿಡೀ ಆಟೋಗಳ ಗದ್ದಲ. ಎಲ್ಲೂ ಅಡಿಗೆಯ ಕಟ್ಟೆ ಇಲ್ಲ, ಪಾತ್ರೆ ತೊಳೆಯುವ ಮೋರಿ ಇಲ್ಲ. ಅಷ್ಟು ಚೆಂದದ ಕೋಣೆಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮುಂಜಾನೆ ಬುತ್ತಿಯ ರೊಟ್ಟಿ, ಹೊರಗಿನಿಂದ ತಂದ ಮೊಸರು. ಮಧ್ಯಾಹ್ನ ಖಾನಾವಳಿ. ಸಂಜೆ ಹಸಿವಾದರೆ ಗಾಡಿಯ ಗಿರಮಿಟ್ಟು, ಮಿರ್ಚಿ ಭಜಿ. ಒಳಗೂ ತಿಂದೆವು, ಹೊರಗೂ ತಿಂದೆವು, ಒಲೆ ಹಚ್ಚದೆಯೇ ಸಮತೋಲವಾಯಿತು.

ಎರಡನೆಯ ದಿನ ಬೆಳಕು ಹರಿಯುತ್ತಲೇ ಗೋಳಗುಮ್ಮಟಕ್ಕೆ ಹೋದೆವು. ಆ ಹೊತ್ತಿಗೆ ಒಲೆಯ ಮುಂದೆ ಇರದೆ ಬೇರೆಲ್ಲೋ ನಿಂತದ್ದು ನನಗೆ ನೆನಪಿಲ್ಲ. ಅತ್ತೆ ಕೆಳಗೆ ಕೂತರು, ನಾವು ಮೂವರು ಹತ್ತಿದೆವು. ಮೇಲೆ ಪಿಸುಮಾತಿನ ಮೊಗಸಾಲೆಯಲ್ಲಿ ಮನೆಯವರನ್ನು ಆಚೆ ಬದಿಗೆ ನಿಲ್ಲಿಸಿ, ಗೋಡೆಗೆ ಬಾಯಿ ಹಚ್ಚಿ ‘ಇವತ್ತ ಅಡಗಿ ಇಲ್ಲ’ ಎಂದೆ. ಗುಮ್ಮಟ ಅದನ್ನು ಹೇಳಿತು, ಮತ್ತೆ ಹೇಳಿತು, ಸಾಕಪ್ಪಾ ಎನ್ನುವವರೆಗೆ ಹೇಳಿತು. ಮಗಳು ಬಿದ್ದು ಬಿದ್ದು ನಕ್ಕಳು. ಆಚೆ ಬದಿಯಲ್ಲಿ ಮನೆಯವರು ಸುತ್ತ ಯಾರಿದ್ದಾರೆ ಎಂದು ನೋಡಿಕೊಂಡರು.

ಆ ಸಂಜೆ ಮಗಳು ಮಿರ್ಚಿ ಭಜಿ ತುಸು ಜಾಸ್ತಿಯೇ ತಿಂದಳು. ಮರುದಿನ ಸೋಮವಾರ ಮುಂಜಾನೆ ಹೊಟ್ಟೆ ಹಿಡಿದುಕೊಂಡು ಎದ್ದಳು. ಆಗ ಮನೆಯವರು ತಮ್ಮ ಚೀಲದ ತಳದಿಂದ, ಟವೆಲ್ಲುಗಳ ಅಡಿಯಿಂದ, ಒಂದು ಕರೆಂಟಿನ ಒಲೆ ಮತ್ತು ಸಣ್ಣ ಕುಕ್ಕರು ತೆಗೆದರು. ಅಕ್ಕಿಯ ಪೊಟ್ಟಣವೂ ಇತ್ತು. ಮೂರು ದಿನದಿಂದ ಅದೆಲ್ಲ ನನ್ನ ಮಂಚದ ಕೆಳಗೇ ಇತ್ತು.

ಬೇಕಾದರೆ ಇರಲಿ ಎಂದು ತಂದೆ ಎಂದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಮಗಳ ಬಾಡಿದ ಮುಖ ನೋಡಿದೆ. ಸುಳ್ಳೇಕೆ ಹೇಳಲಿ, ನನ್ನ ಕೈ ಅಕ್ಕಿಯ ಪೊಟ್ಟಣದ ಕಡೆ ಹೋಯಿತು. ಹೊರಗೆ ತಿನ್ನಿಸಿ ಕೂಸಿನ ಹೊಟ್ಟೆ ಕೆಡಿಸಿದ ತಾಯಿ ಎಂದು ಮುಂದೆ ಯಾರ್ಯಾರು ಆಡಿಕೊಳ್ಳುತ್ತಾರೆ ಎಂಬುದೂ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಮನೆಯವರ ಫೋನು ಹೊಡೆದುಕೊಂಡಿತು. ಹೊಲ ನೋಡಿಕೊಳ್ಳುವ ಆಳು ಊರಿನಿಂದ ಮಾತಾಡುತ್ತಿದ್ದ. ಮೋಡ ಕವಿದಿದೆ, ಮಳೆಗೆ ಮುಂಚೆ ಒಂದು ತಾಸು ಕುಂಟೆ ಹೊಡೆದುಬಿಡಲೇ ಎಂದು ಕೇಳುತ್ತಿದ್ದ.

‘ಮಳಿ ಬಂದ್ರ ಬರ್ಲಿ,’ ಎಂದರು ಮನೆಯವರು. ‘ಇವತ್ತ ಸೋಮವಾರ. ಎತ್ತಿನ ಹೆಗಲ ಮ್ಯಾಲೆ ನೊಗಾ ಇಡಬ್ಯಾಡ. ಆರಾಮ ನಿಂದರ್ಲಿ ಅವು.’

ಫೋನು ಇಟ್ಟು ನನ್ನ ಕಡೆ ತಿರುಗಿದರು. ‘ಹುಡುಗಿಗೆ ಹೊರಗಿಂದು ಆಗಿ ಬರವಲ್ದು. ಬರೇ ಒಂದ ಮುಷ್ಟಿ ಮೆತ್ತಾನ ಅನ್ನ ಮಾಡಿಬಿಡು.’

ನಾನು ಪೊಟ್ಟಣದಿಂದ ಕೈ ತೆಗೆದೆ. ‘ಒಲಿ ತಂದವ್ರು ನೀವು, ನೀವ ಮಾಡ್ರಿ,’ ಎಂದೆ.

ಪಾಪ, ಮಾಡಲು ಹೋದರು. ಅಕ್ಕಿ ಎಷ್ಟು, ನೀರು ಎಷ್ಟು ಎಂದು ಮಗಳನ್ನೇ ಕೇಳಿದರು. ಒಲೆಯ ಪ್ಲಗ್ಗನ್ನು ಗೋಡೆಗೆ ಚುಚ್ಚಿ ಗುಂಡಿ ಒತ್ತಿದರು, ಟಪ್ ಎಂದಿತು. ನಮ್ಮ ಫ್ಯಾನಷ್ಟೇ ಅಲ್ಲ, ಮಹಡಿಯ ಫ್ಯಾನುಗಳೆಲ್ಲ ನಿಂತವು. ಮೇ ತಿಂಗಳ ವಿಜಯಪುರದಲ್ಲಿ ಫ್ಯಾನು ನಿಂತರೆ ಮಂದಿ ಸುಮ್ಮನಿರುವುದಿಲ್ಲ. ಸಾಲಾಗಿ ಬಾಗಿಲು ತೆರೆದವು, ಬನಿಯನ್ನಿನಲ್ಲಿದ್ದ ಗಂಡಸರು ಹೊರಗೆ ಬಂದರು, ಕೆಳಗಿನಿಂದ ಮ್ಯಾನೇಜರ್ ಏದುಸಿರು ಬಿಡುತ್ತ ಬಂದ. ಕುಕ್ಕರಿನ ಮುಂದೆ ಮೊಣಕಾಲೂರಿ ಕೂತಿದ್ದವರು ಮನೆಯವರು. ಅವನು ಅವರನ್ನು ದಾಟಿಕೊಂಡು ಬಂದು ನನ್ನೆದುರು ನಿಂತ.

‘ಏನ್ ಅಕ್ಕಾರ, ಓದಿದವ್ರಂಗ ಕಾಣ್ತೀರಿ. ರೂಮಿನ್ಯಾಗ ಅಡಗಿ ಮಾಡಬಾರ್ದಂತ ಬೋರ್ಡ್ ಹಾಕೇವಲ್ರಿ.’

‘ನಾ ಮಾಡಿಲ್ರಿ,’ ಎಂದೆ. ‘ಮಾಡಿದವ್ರು ಅಲ್ಲಿ ಕುಂತಾರ. ಅವ್ರಿಗೆ ಹೇಳ್ರಿ.’

ಬಾಗಿಲಲ್ಲಿ ನಿಂತ ಗಂಡಸರು ನಕ್ಕರು. ಮನೆಯವರ ಮುಖ ಕೆಂಪಾಯಿತು. ಮ್ಯಾನೇಜರ್ ಗೊಣಗುತ್ತ ಫ್ಯೂಸು ಹಾಕಲು ಇಳಿದು ಹೋದ. ನಾಲ್ಕು ಮಂದಿಯ ಮುಂದೆ ಮಾನ ಕಳೆದೆಯಲ್ಲ ಎಂದು ಮನೆಯವರು ಸಣ್ಣ ದನಿಯಲ್ಲಿ ಹೇಳಿದರು. ನಾನು ಮಾತ್ರ ಸಣ್ಣ ದನಿಯಲ್ಲಿ ಹೇಳಲಿಲ್ಲ.

‘ಎತ್ತಿಗೆ ಸೋಮವಾರ ಐತಿ. ಮಳಿ ಬಂದ್ರೂ ಹೂಡಂಗಿಲ್ಲ. ನಾ ಈ ಮನಿಗೆ ಬಂದು ಹದಿನೇಳ ವರ್ಷಾತು. ನನ್ನ ಸೋಮವಾರ ಯಾವುದ್ರಿ?’

ಮನೆಯವರು ಒಲೆಯ ವೈರು ಸುತ್ತತೊಡಗಿದರು. ಕಿಟಕಿಯ ಬಳಿ ಕೂತಿದ್ದ ಅತ್ತೆ ಬೀದಿಯ ಕಡೆ ನೋಡುತ್ತಲೇ ಹೇಳಿದರು. ‘ಎತ್ತಿಗೆ ಬಾಯಿಲ್ಲವ್ವಾ, ಅದಕ್ಕ ಮಂದಿ ಸೂಟಿ ಕೊಟ್ಟಾರ. ನಿನಗ ಬಾಯಿ ಐತೆಲ್ಲ.’

ಬಾಯಿಬಡಕಿ ಎಂದು ಹಂಗಿಸಿದರು ಎಂದೇ ನಾನು ತಿಳಿದೆ. ಕಣ್ಣಲ್ಲಿ ನೀರು ಬಂತು, ಆದರೂ ಕುಕ್ಕರ್ ಮುಟ್ಟಲಿಲ್ಲ. ಮಗಳ ಕೈ ಹಿಡಿದು ಎಬ್ಬಿಸಿದೆ, ಎಲ್ಲರೂ ಖಾನಾವಳಿಗೆ ನಡೆದೆವು.

ಅದನ್ನು ನಡೆಸುವವಳು ನಡುವಯಸ್ಸಿನ ಹೆಂಗಸು. ಮಗಳ ಹೊಟ್ಟೆಯ ಸಂಗತಿ ಹೇಳಿದ್ದೇ ತಡ, ಮೆತ್ತಗಿನ ಅನ್ನಕ್ಕೆ ಮೊಸರು ಕಲಸಿ ಚಿಟಿಕೆ ಉಪ್ಪು ಹಾಕಿ ತಂದಿಟ್ಟಳು. ಒಂದು ಮುಷ್ಟಿ ಅನ್ನಕ್ಕಾಗಿ ನಾವು ಮಾಡಿದ ರಾಮಾಯಣ ಅಲ್ಲಿ ಎರಡು ನಿಮಿಷದ ಕೆಲಸ. ಆಮೇಲೆ ನಮಗೆ ರೊಟ್ಟಿ ಬಂತು. ಒಳಗೆ ಬಡಿಯುವ ಸಪ್ಪಳ ಕೇಳುತ್ತಿತ್ತು, ತವೆಯಿಂದ ಇಳಿದ ರೊಟ್ಟಿ ಉಬ್ಬಿಕೊಂಡೇ ತಾಟಿಗೆ ಬರುತ್ತಿತ್ತು. ಅತ್ತೆ ತಮ್ಮ ತಾಟಿನ ಮೇಲೆ ಕೈ ಅಡ್ಡ ಹಿಡಿದರು.

‘ಒಡದ ರೊಟ್ಟಿ ಇದ್ರ ನನಗ ಹಾಕವ್ವಾ. ಚಲೋದು ಅವ್ರಿಗೆ ನೀಡು.’

ಆ ಹೆಂಗಸು ನಕ್ಕಳು. ‘ಒಡದದ್ದು ನಮ್ಮ ಪಾಲಿಂದ್ರಿ ಆಯಿ. ಇಲ್ಲಿ ಕುಂತವ್ರಿಗೆ ಬಿಸೀದ ನೀಡೂದು.’

ಅತ್ತೆಯ ಕೈ ಹಾಗೇ ನಿಂತಿತು. ಹದಿನೇಳು ವರ್ಷ ಅವರ ಪಕ್ಕದಲ್ಲಿ ಕೂತು ಉಂಡಿದ್ದೇನೆ. ಅವರು ಬುಟ್ಟಿಯ ತಳದಿಂದ ಮುರಿದ ರೊಟ್ಟಿಯನ್ನೇ ಹೆಕ್ಕಿಕೊಳ್ಳುವುದನ್ನು ದಿನಾ ಕಂಡಿದ್ದೇನೆ. ಹಲ್ಲಿಗೆ ಅದೇ ಸುಲಭವೇನೋ ಎಂದುಕೊಂಡಿದ್ದೆ. ನಾನೂ ಅದನ್ನೇ ಹೆಕ್ಕುತ್ತೇನೆ, ನನ್ನ ಹಲ್ಲು ಗಟ್ಟಿಯಾಗಿವೆ. ಅತ್ತೆ ನಿಧಾನವಾಗಿ ಕೈ ತೆಗೆದರು. ಬಿಸಿ ರೊಟ್ಟಿ ತಾಟಿಗೆ ಬಿತ್ತು, ಅದರ ಮೇಲೆ ಬೆಣ್ಣೆ. ಮೂರು ರೊಟ್ಟಿ ಉಂಡರು. ಹೊರಡುವಾಗ ನಿಮಗೆ ಸೂಟಿ ಯಾವಾಗ ಎಂದು ಆ ಹೆಂಗಸನ್ನು ಕೇಳಿದರು. ಅಮಾವಾಸ್ಯೆಗೊಮ್ಮೆ ಬಾಗಿಲು ಹಾಕುತ್ತೇವೆ ಎಂದಳು. ಅತ್ತೆ ತಲೆಯಾಡಿಸಿದರು.

ಊರಿಗೆ ಬಂದ ಮೇಲೆ ಮುಂದಿನ ಸೋಮವಾರ ಬಂತು. ಲಾಡ್ಜಿನ ಸಿಟ್ಟು ಲಾಡ್ಜಿನಲ್ಲೇ ಉಳಿಯಿತೆಂದು ಮನೆಯವರು ನಂಬಿದ್ದರು. ರೂಢಿ ಎಂಬುದು ದೊಡ್ಡ ಕಳ್ಳ, ನಾನೂ ಐದಕ್ಕೇ ಎದ್ದು ಅಡಿಗೆಕೋಣೆಗೆ ಹೋದೆ. ಲೈಟರಿಗೆ ಕೈ ಚಾಚಿದಾಗ ಹಿಂದೆ ಸಪ್ಪಳವಾಯಿತು. ಅತ್ತೆ ಬಾಗಿಲಿಗೆ ಮಣೆ ಹಾಕಿಕೊಂಡು ಕೂತಿದ್ದರು.

‘ಇವತ್ತ ಯಾವ ವಾರ?’

‘ಸೋಮವಾರ್ರಿ.’

‘ಮತ್ತ ಬಾ ಇಲ್ಲೆ. ಕೂಡು.’

ನಾನು ಅವರ ಪಕ್ಕದಲ್ಲಿ ನೆಲಕ್ಕೆ ಕೂತೆ. ಕೊಟ್ಟಿಗೆಯಲ್ಲಿ ಎತ್ತುಗಳ ಕೊರಳ ಗಂಟೆ ಅಲುಗುತ್ತಿತ್ತು. ಅತ್ತೆ ಆರಿದ ಒಲೆಯ ಕಡೆ ನೋಡಿದರು.

‘ನನಗೂ ಬಾಯಿ ಇತ್ತವ್ವಾ,’ ಎಂದರು. ‘ತೆರೀಲೇ ಇಲ್ಲ.’

ಆರು ಗಂಟೆಗೆ ಮನೆಯವರು ಎದ್ದು ಬಂದರು. ಬಾಗಿಲಲ್ಲಿ ಕೂತಿದ್ದ ನಮ್ಮಿಬ್ಬರನ್ನು ನೋಡಿ ಚಹಾ ಆಗಿಲ್ಲವೇ ಎಂದರು. ಅತ್ತೆ ಮಣೆಯನ್ನು ತುಸು ಸರಿಸಿ ಅವರಿಗೆ ಒಳಗೆ ಹೋಗಲು ದಾರಿ ಬಿಟ್ಟರು. ಸ್ವಲ್ಪ ಹೊತ್ತಿಗೆ ಪಾತ್ರೆ ಬಿದ್ದ ಸದ್ದಾಯಿತು. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಒಳಗಿನಿಂದ ಕೇಳಿದರು. ಇನ್ನೊಮ್ಮೆ ಕೇಳಿದರು. ನಾವಿಬ್ಬರೂ ಹೇಳಲಿಲ್ಲ.