ಎತ್ತು ಆರಿಸುವ ಕಾಕಾ ನಮ್ಮ ಕಾರು ಆರಿಸಿದ್ದು

ಗುಲ್ಬರ್ಗಾದ ಕಾರ್ ಶೋರೂಮಿಗೆ ಎತ್ತು ಆರಿಸುವವರನ್ನು ಕರೆದುಕೊಂಡು ಹೋದವರು ಬಹುಶಃ ನಾವೇ ಮೊದಲು, ನಾವೇ ಕೊನೆ.

ತೊಂಬತ್ತರ ದಶಕದ ಮಾತು. ನಾನು, ನಮ್ಮ ಮನೆಯವರು, ಮಾವನವರು, ಜೊತೆಗೆ ಮಾವನವರ ಜೀವದ ಗೆಳೆಯ ಬಸಣ್ಣ ಕಾಕಾ. ನಮ್ಮೂರು ನೆಲೋಗಿಯಲ್ಲಿ ಯಾರೇ ಎತ್ತು ಕೊಳ್ಳಲಿ, ಕಾಕಾ ಹಲ್ಲು, ಗೊರಸು, ಸುಳಿ ನೋಡಿ ಹೂಂ ಅನ್ನಬೇಕು.

ಮಾವನವರ ಪ್ರಕಾರ ಕಾರು ಕೊಳ್ಳುವುದೂ ಅದೇ ಬಾಬತ್ತು.

ಈಗ ಮಗಳು ಮೂರು ತಿಂಗಳಿಂದ ಹೈಬ್ರಿಡ್ಡೋ ಎಲೆಕ್ಟ್ರಿಕ್ಕೋ ಅಂತ ನನ್ನ ತಲೆ ತಿನ್ನುತ್ತಿದ್ದಾಳೆ. ಅದಕ್ಕೇ ಇದೆಲ್ಲ ನೆನಪಾಯಿತು. ಆಗ ನಮ್ಮ ಜಗಳ ಪೆಟ್ರೋಲೋ ಡೀಸೆಲ್ಲೋ ಅನ್ನೋದು.

ಕಾರು ಬೇಕಾಗಿದ್ದು ನನಗೆ. ಜೇವರ್ಗಿಯ ಹೈಸ್ಕೂಲಿನಲ್ಲಿ ಗಣಿತದ ಟೀಚರ್ ನಾನು. ಬೆಳಗಿನ ಬಸ್ಸು ತುಂಬಿ ಬರುತ್ತಿತ್ತು, ಒಂದು ಕಾಲಿಡಲೂ ಜಾಗ ಇರುತ್ತಿರಲಿಲ್ಲ. ವಾರಕ್ಕೆರಡು ಸಲ ಮೊದಲ ಪೀರಿಯಡ್ ತಪ್ಪುತ್ತಿತ್ತು. ಹೆಡ್ ಮಾಸ್ತರರ ಮುಖ ನೋಡಲು ನಾಚಿಕೆ.

ಹೀಗೇ ಆದರೆ ನೌಕರಿ ಬಿಟ್ಟುಬಿಡಲಿ ಅಂತ ಮನೆಯಲ್ಲಿ ಗುಸುಗುಸು ಶುರುವಾಗಿತ್ತು. ಆ ಮಾತು ಕಿವಿಗೆ ಬಿದ್ದ ದಿನ ನಾನು ಊಟ ಬಿಟ್ಟಿದ್ದೆ...

ಮಾವನವರಿಗೆ ದೊಡ್ಡ ಡೀಸೆಲ್ ಗಾಡಿ ಬೇಕು. ಟ್ರ್ಯಾಕ್ಟರಿಗೆಂದು ಡ್ರಮ್ಮಿನಲ್ಲಿ ಡೀಸೆಲ್ ಮನೆಯಲ್ಲೇ ಇರುತ್ತಲ್ಲ. ಹತ್ತು ಮಂದಿ ಹಿಡಿಸಬೇಕು, ಒಬ್ಬ ಡ್ರೈವರ್ ಇಟ್ಟರಾಯಿತು.

ನನಗೆ ಪುಟ್ಟ ಪೆಟ್ರೋಲ್ ಕಾರು ಬೇಕು. ಪಾಠದ ನೋಟ್ಸಿನ ಕೊನೇ ಪುಟದಲ್ಲಿ ಎರಡು ಕಾಲಂ ಮಾಡಿ ಹೊಗೆ, ಸದ್ದು, ಚಳಿಯಲ್ಲಿ ಸ್ಟಾರ್ಟ್ ಆಗೋದು, ಎಲ್ಲ ಬರೆದಿದ್ದೆ. ಬರೆಯದೇ ಬಿಟ್ಟ ಕಾರಣ ಒಂದೇ: ಪುಟ್ಟ ಕಾರಾದರೆ ನಾನೇ ಓಡಿಸಬಹುದು ಅನ್ನೋ ಆಸೆ.

ಡ್ರೈವರ್ ಬಂದರೆ ಗಾಡಿ ಸಂತೆಗೆ, ಮದುವೆಗೆ, ಬೀಗರೂರಿಗೆ. ನಾನು ಮತ್ತೆ ಬಸ್ ಸ್ಟಾಪಿಗೆ.

ಬೇಸಿಗೆ ರಜೆಯಲ್ಲಿ ಅಕ್ಕನ ಮನೆಯಲ್ಲಿದ್ದು ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿದ್ದು ನಮ್ಮ ಮನೆಯವರೊಬ್ಬರಿಗೇ ಗೊತ್ತಿತ್ತು. ಅವರಿಗೋ ಬೈಕ್ ಬಿಟ್ಟರೆ ಬೇರೇನೂ ಬಾರದು, ಸ್ಟೇರಿಂಗ್ ಅಂದರೇ ಬೆವರು. ಬೆಣ್ಣೆ ಕೈಯಲ್ಲಿ ಹಿಡಿದು ತುಪ್ಪಕ್ಕೆ ಊರೆಲ್ಲ ತಿರುಗುವುದು ಅಂದರೆ ಇದೇ. ಆದರೆ ಮಾವನವರ ಮುಂದೆ ಬಾಯಿ ಬಿಡುವವರು ಯಾರು?

ಒಂದೇ ರಸ್ತೆಯಲ್ಲಿ ಎರಡು ಶೋರೂಂ. ಸೇಲ್ಸಿನವರು ಆ್ಯವರೇಜ್, ಪಿಕಪ್ ಅಂತ ಒಂದೇ ಸಮನೆ ಹೇಳುತ್ತಿದ್ದಾರೆ. ಕಾಕಾ ಮಾತ್ರ ತುಟಿ ಬಿಚ್ಚದೆ ಟೈರು ಒತ್ತಿ, ಬಾಗಿಲು ತೆಗೆದು ಹಾಕಿ ನೋಡುತ್ತಿದ್ದಾರೆ. ಕೊನೆಗೆ ಕೇಳಿದ್ದು ಒಂದೇ ಮಾತು.

"ಇದನ್ನ ಹೊಡಿಯಾವ್ರು ಯಾರ್ರಿ?"

ನಮ್ಮ ಮನೆಯವರು ನೆಲ ನೋಡುತ್ತ, "ಇಕಿಗಿ ಬರ್ತದ್ರಿ ಕಾಕಾ. ಲೈಸೆನ್ಸೂ ಅದ" ಅಂದರು.

ಮಾವನವರು ನನ್ನ ಕಡೆ ತಿರುಗಿದರು. ನಾನು ಸೆರಗಿನ ತುದಿ ಹಿಡಿದು ನಿಂತೆ.

"ಹಂಗಿದ್ರ ಆಕಿನೇ ಹೊಡದು ನೋಡ್ಲಿ" ಅಂದರು ಕಾಕಾ. "ಎತ್ತು ಹೊಡಿಯಾವನ ಕೈಗಿ ಹೊಂದಬೇಕು. ರೊಕ್ಕ ಕೊಡಾವನ ಕಣ್ಣಿಗಿ ಅಲ್ಲ."

ಮೊದಲು ನನ್ನ ಪ್ರೀತಿಯ ಪೆಟ್ರೋಲ್ ಕಾರು. ಕ್ಲಚ್ ಹೂವಿನಷ್ಟು ಹಗುರ. ಬಿಟ್ಟೆ ನೋಡಿ, ಕಪ್ಪೆ ಹಾರಿದ ಹಾಗೆ ಹಾರಿ ಆಫ್ ಆಯಿತು. ಇನ್ನೊಮ್ಮೆ, ಮತ್ತೊಮ್ಮೆ. ನಾಲ್ಕನೇ ಸಲಕ್ಕೆ ಸೇಲ್ಸಿನ ಹುಡುಗ ಎರಡೂ ಕೈಯಲ್ಲಿ ಸೀಟು ಹಿಡಿದಿದ್ದ. ನನಗೆ ಅಳು ಬಂದಿತ್ತು. ಇನ್ನು ಡ್ರೈವರೇ ಗತಿ ಅನ್ನಿಸಿತು.

ಆಮೇಲೆ ಡೀಸೆಲ್ ಗಾಡಿ. ನನಗೆ ಮನಸ್ಸೇ ಇರಲಿಲ್ಲ, ಕಾಕಾ ಬಿಡಲಿಲ್ಲ.

ಕೀ ತಿರುಗಿಸಿದೆ. ಗಡಗಡ ಅಂತ ಮೈಯೆಲ್ಲ ನಡುಗಿತು. ಕ್ಲಚ್ ಕಲ್ಲಿನ ಹಾಗೆ ಗಟ್ಟಿ... ಕಾಲಿಗೆ ಮಾತ್ರ ಎಲ್ಲ ಪರಿಚಯ! ನಾನು ಕಲಿತಿದ್ದೇ ಡ್ರೈವಿಂಗ್ ಸ್ಕೂಲಿನ ಹಳೇ ಡೀಸೆಲ್ ಜೀಪಿನಲ್ಲಿ ಅನ್ನೋದನ್ನು ನನ್ನ ಎರಡು ಕಾಲಂನಲ್ಲಿ ಬರೆಯಲು ಮರೆತಿದ್ದೆ.

ಒಂದು ಸಲವೂ ಆಫ್ ಆಗದೆ, ಮಣ್ಣಿನ ರಸ್ತೆಯಲ್ಲಿ ಒಂದು ಸುತ್ತು ಹಾಕಿ ತಂದು ನಿಲ್ಲಿಸಿದೆ. ಕಾಕಾ ಹೂಂ ಅಂದರು.

"ನಾ ಹೇಳಿಲ್ಲೇನು, ಡೀಸೆಲ್ಲೇ ಛಲೋ ಅಂತ" ಅಂದು ಮಾವನವರು ಅಲ್ಲೇ ಬುಕ್ ಮಾಡಿದರು. ಡ್ರೈವರ್ ಬಗ್ಗೆ ಮಾತ್ರ ಏನೂ ಹೇಳಲಿಲ್ಲ. ಕೇಳಲು ನನಗೂ ಧೈರ್ಯವಿಲ್ಲ.

ಒಂದೂವರೆ ತಿಂಗಳಿಗೆ ಗಾಡಿ ಬಂತು. ತರಲು ನಾವು ಮೂವರೇ ಹೋದೆವು. ಮಾವನವರು ಕೀ ಇಸಿದುಕೊಂಡು ನನ್ನ ಕೈಗಿಟ್ಟು, ಸುಮ್ಮನೆ ಹೋಗಿ ಹಿಂದಿನ ಸೀಟಿನಲ್ಲಿ ಕೂತರು. ಜೇವರ್ಗಿ ದಾಟಿದರೂ ಕಿಟಕಿಯಾಚೆಯೇ ನೋಡುತ್ತಿದ್ದರು.

ನೆಲೋಗಿ ಕಾಣುತ್ತಲೇ ಹಿಂದಿನಿಂದ ದನಿ ಬಂತು. "ಜರಾ ನಿಂದ್ರಸವ್ವ."

ಗಾಡಿ ಪಕ್ಕಕ್ಕೆ ತಂದು ನಿಲ್ಲಿಸಿದೆ. ಸೊಸೆ ಹೊಡೆಯುವ ಗಾಡಿಯಲ್ಲಿ ಊರೊಳಗೆ ಬರಲು ಸಂಕೋಚ, ಇಲ್ಲಿಂದ ನಡೆದೇ ಬರುತ್ತಾರೆ, ನಾಳೆಯಿಂದ ಡ್ರೈವರ್... ಅಷ್ಟರಲ್ಲಿ ಎಲ್ಲ ಯೋಚಿಸಿಬಿಟ್ಟೆ.

ಮಾವನವರು ಇಳಿದರು. ರುಮಾಲು ಬಿಚ್ಚಿ, ಕೊಡವಿ, ಮತ್ತೆ ಬಿಗಿಯಾಗಿ ಸುತ್ತಿಕೊಂಡರು. ಆಮೇಲೆ ಮುಂದಿನ ಬಾಗಿಲು ತೆಗೆದು ಮಗನಿಗೆ, "ನೀ ಇಳಿಲೇ, ಹಿಂದ ಕೂಡು ಹೋಗು" ಅಂದರು.

ನನ್ನ ಪಕ್ಕ ಕೂತು, ಮುಂದೆ ನೋಡುತ್ತಲೇ ಹೇಳಿದರು.

"ಹಗೂರ ಹೊಡಿ. ಮಂದಿ ನೋಡ್ಲಿ."

ನೀವು ಮೊದಲ ಸಲ ಊರೊಳಗೆ ಗಾಡಿ ತಂದಾಗ ಪಕ್ಕದ ಸೀಟಿನಲ್ಲಿ ಯಾರು ಕೂತಿದ್ದರು?