ಸ್ಪ್ರಿಂಗ್ ಬರಬೇಕು

ಮಂಡಿ ಮೊಹಲ್ಲಾದಲ್ಲಿ ನಮ್ಮ ಮನೆಯ ಎದುರಿಗೇ ಕೋವಿ ರಿಪೇರಿಯ ನಂಜುಂಡಾಚಾರಿಯ ಅಂಗಡಿ. ಯಾರು ಏನು ತಂದರೂ ಅವನ ಬಾಯಲ್ಲಿ ಒಂದೇ ಮಾತು: "ಸ್ಪ್ರಿಂಗ್ ಬರಬೇಕು ಸ್ವಾಮಿ." ಛತ್ರಿ ತಂದರೂ ಅದೇ, ನಾನು ಸೊಟ್ಟಗಾದ ಸೌಟು ಕೊಟ್ಟಾಗಲೂ ಅದೇ. ಆದರೆ ಹಿನಕಲ್ ಕಡೆಯ ಬೋರೇಗೌಡರು ರಿಪೇರಿಗೆ ಕೊಟ್ಟಿದ್ದ ಪಿಸ್ತೂಲಿನ ಸ್ಪ್ರಿಂಗ್ ಅವನ ತಗಡಿನ ಡಬ್ಬಿಯಲ್ಲೇ ಇರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗೌಡರು ತಿಂಗಳಿಗೊಮ್ಮೆ ಬಂದು, "ಬೇಗ ಕೊಡ್ರೀ ಆಚಾರ್ರೇ, ಗದ್ದೆ ಕಿತ್ಕೊಂಡ ಆ ನಿಂಗ ನನ್ ತಮ್ಮನೇ ಅಲ್ಲ, ಅವನ್ನ ಉಳಿಸಾಕಿಲ್ಲ" ಎಂದು ಕೂಗಾಡುತ್ತಿದ್ದರು. "ಸ್ಪ್ರಿಂಗ್ ಇಟ್ಕೊಂಡೇ ಬಂದಿಲ್ಲ ಅಂತೀಯಲ್ಲಪ್ಪ" ಎಂದು ಆಚಾರಿಯನ್ನು ಕೇಳಿದೆ. "ಹಳೇ ಕೋವೀಲಿ ಮದ್ದು ತುಂಬಿ, ಗುಂಡು ಹಾಕಿ, ಜಡಿಯೋ ಹೊತ್ಗೆ ಅರ್ಧ ಕೋಪ ಇಳೀತಿತ್ತು ಕಣವ್ವ. ಈ ಪಿಸ್ತೂಲಲ್ಲಿ ಒಂದು ಗುಂಡು ಹಾರಿದ್ದೇ ತಡ, ಮೇಲಿನ ಕಬ್ಬಿಣ ತಾನೇ ಹಿಂದಕ್ಕೆ ಸರಿದು ಖಾಲಿ ತೋಟಾ ಎಸೀತದೆ, ಹಿಡೀಲಿರೋ ಸ್ಪ್ರಿಂಗು ಇನ್ನೊಂದು ತೋಟಾನ ಮೇಲಕ್ಕೆ ಒತ್ತುತದೆ, ಆ ಕಬ್ಬಿಣ ಮುಂದಕ್ಕೆ ಬರ್ತಾ ಅದನ್ನ ನಳಿಗೆಗೆ ನೂಕ್ತದೆ. ಕೋಪ ಇಳಿಯೋಕೆ ಪುರಸೊತ್ತೇ ಇಲ್ಲ. ಆ ಪುರಸೊತ್ತನ್ನ ನಾನೇ ಮಾಡಿಕೊಡ್ಬೇಕು" ಎಂದ. ಹೀಗೇ ಎರಡು ವರ್ಷ ಕಳೆಯಿತು. ಮೊನ್ನೆ ಗೌಡರು ಅವಸರದಲ್ಲಿ ಬಂದು, "ನನ್ ತಮ್ಮಂಗೆ ಜ್ವರ ಬುಡ್ತಾನೇ ಇಲ್ಲ ಕಣ್ರೀ, ದೊಡ್ಡಾಸ್ಪತ್ರೆಗೆ ಗಂಜಿ ತಗೊಂಡು ಹೊಂಟಿವ್ನಿ" ಎಂದರು. ಪಿಸ್ತೂಲಿನ ಮಾತೇ ಎತ್ತಲಿಲ್ಲ.